ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿದವರಿಗೆ

ತುಮಕೂರು, ಎಂಟನೆಯ ಅಂತಸ್ತು
ಎರಡನೆಯ ಬೇಸಿಗೆಯ ಕೊನೆಯ ವಾರ, ೨೧೯೪

ನಮ್ಮ ಹಿಂದಿನವರೇ,

ವರ್ಷಕ್ಕೆ ಎರಡು ಬೇಸಿಗೆ ಹೇಗೆ ಎಂದು ನೀವು ಕೇಳಬಹುದು. ವಿವರಿಸಲು ಈಗ ಪುರಸೊತ್ತಿಲ್ಲ. ಈ ಕಾಗದದಲ್ಲಿ ನಿಮ್ಮ ಕಿವಿಗೆ ಒಗ್ಗದ ಕೆಲವು ಪದಗಳು ಬರುತ್ತವೆ, ಮನ್ನಿಸಿ. ನಾನು ಬರೆಯುತ್ತಿರುವುದು ಮಾತ್ರ ನಿಮಗೆ ಚೆನ್ನಾಗಿ ಗೊತ್ತಿರುವ ಪದವೊಂದರ ಸಲುವಾಗಿ: ಬಾಡಿಗೆ.

ನಮ್ಮಲ್ಲಿ ಆ ಪದವಿಲ್ಲ. ನಾನು ಯುವಕನಾಗಿದ್ದಾಗ, ಊರಿನ ಮನೆಗಳನ್ನೆಲ್ಲ ಕೈವಶ ಮಾಡಿಕೊಂಡ ನೆಲೆಮಂಡಳಿ ಅದನ್ನು ಕೀಳು ಮಾತೆಂದು ಸಾರಿತು. ಇನ್ನು ಮುಂದೆ ಯಾರೂ ಬಾಡಿಗೆದಾರರಲ್ಲ, ಎಲ್ಲರೂ ಅತಿಥಿಗಳು ಎಂದಿತು. ಊರೆಲ್ಲ ಚಪ್ಪಾಳೆ ತಟ್ಟಿತು. ತಿಂಗಳು ತಿಂಗಳು ಹಣ ಕಡಿತವಾಗುವುದು ನಿಲ್ಲಲಿಲ್ಲ; ಅದಕ್ಕೆ ‘ಪ್ರೀತಿಕಾಣಿಕೆ’ ಎಂಬ ಹೆಸರು ಬಂತು, ಅಷ್ಟೇ.

ನಿಮ್ಮ ಕಾಲದ ಪತ್ರಿಕೆಗಳನ್ನು ನಾನು ಬಿಡದೆ ಓದಿದ್ದೇನೆ. ನೀವು ಗಂಟೆಯ ಲೆಕ್ಕದಲ್ಲಿ ಸೈಕಲ್ಲನ್ನು, ಮದುವೆಗೆ ಶಾಮಿಯಾನ, ಪಾತ್ರೆಗಳನ್ನು, ನಾಟಕಕ್ಕೆ ಕಿರೀಟವನ್ನು ಬಾಡಿಗೆಗೆ ತರುತ್ತಿದ್ದಿರಿ. ಆಟೋದವನು ‘ಬೆಳಗ್ಗಿಂದ ಒಂದೂ ಬಾಡಿಗೆ ಸಿಕ್ಕಿಲ್ಲ’ ಎಂದು ಗೊಣಗುತ್ತಿದ್ದ. ನಿಮ್ಮ ಮಾಲೀಕರೇನು ದೇವತೆಗಳಲ್ಲ. ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆಂದು ಹಿಡಿದುಕೊಳ್ಳುತ್ತಿದ್ದರು, ಜಾತಿ ಕೇಳುತ್ತಿದ್ದರು, ನೆಂಟರು ಬಂದರೆ ನೀರು ನಿಲ್ಲಿಸುತ್ತಿದ್ದರು. ಆದರೂ ಬೀಗದ ಕೈ ನಿಮ್ಮ ಸೊಂಟದಲ್ಲಿತ್ತು. ಮನೆ ಬಿಡಿಸಬೇಕಾದರೆ ಮೊದಲೇ ತಿಳಿಸಬೇಕಿತ್ತು. ಹಿಂದಿರುಗಿಸುವ ದಿನದವರೆಗೆ ಆ ವಸ್ತು ನಿಮ್ಮದು. ಆ ಪದಕ್ಕೆ ನಾನು ಕಂಡುಕೊಂಡ ಅರ್ಥ ಇದು. ಅದಕ್ಕೇ ಅಲ್ಲವೇ ನೀವು ಬಾಡಿಗೆಯ ಒಂಟಿ ಕೋಣೆಗೆ ಹೋದರೂ ಮೊದಲು ಒಲೆ ಹಚ್ಚಿ ಹಾಲುಕ್ಕಿಸುತ್ತಿದ್ದುದು? ಬೇರೆಯವರ ಮನೆಗೆ ಅತಿಥಿಯಾಗಿ ಹೋದವರು ಯಾರಾದರೂ ಹಾಲುಕ್ಕಿಸುತ್ತಾರೆಯೇ?

ನಮ್ಮ ಕೋಣೆಗಳಲ್ಲಿ ಒಲೆ ಇಲ್ಲ. ಊಟ ಗೋಡೆಯ ಕಿಂಡಿಯಿಂದ ಬರುತ್ತದೆ. ಒಂದು ಬದಿಯ ಗೋಡೆ ಹಳಿಯ ಮೇಲೆ ನಿಂತಿದೆ, ಅದು ಸರಿಗೋಡೆ. ಮನೆಯಲ್ಲಿ ಒಬ್ಬರು ಕಡಿಮೆಯಾದರೆ ಅದನ್ನು ಒಳಕ್ಕೆ ಸರಿಸಿ, ಉಳಿದ ಜಾಗವನ್ನು ಪಕ್ಕದ ಮನೆಗೆ ಸೇರಿಸಿ ಅವರ ಕಾಣಿಕೆ ಏರಿಸುತ್ತಾರೆ. ನನ್ನ ನೆರೆಯ ಹೊನ್ನಮ್ಮನ ತಂಗಿ ಹೋದ ವಾರ ತೀರಿಕೊಂಡಳು. ಅವಳು ಮಲಗುತ್ತಿದ್ದ ಕಿಟಕಿಯ ಬದಿಯನ್ನು ನಾಳೆ ಬೆಳಗ್ಗೆ ಗೋಡೆ ನುಂಗಲಿದೆ. ಮನೆಗೆ ಇರುವುದು ಅದೊಂದೇ ಕಿಟಕಿ.

ಮಂಡಳಿಯ ಪಾಲಕ ತಿಪ್ಪೇಶ ನಿನ್ನೆ ಬಂದು ನಯವಾಗಿಯೇ ಹೇಳಿದ: “ಬೇಜಾರು ಮಾಡ್ಕೋಬೇಡಿ ಅಜ್ಜಿ. ನೀವು ನಮ್ಮ ಅತಿಥಿಗಳಲ್ವಾ? ಅತಿಥಿಗೆ ಎಲ್ಲಿ ಹಾಸ್ಬೇಕು ಅಂತ ಮನೆಯೋರು ತಾನೇ ನೋಡೋದು?”

ಹೊನ್ನಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಅತಿಥಿ ಅಂತೀಯ. ಇಷ್ಟು ವರ್ಷ ದುಡ್ಡು ಇಸ್ಕೊಂಡ್ರಲ್ಲ, ಒಂದಿನ ಒಂದು ಲೋಟ ಕಾಫಿ ಕೊಟ್ಟಿದ್ದೀರೇನಪ್ಪಾ?”

ಅವನು ಹೋದ ಮೇಲೆ ನಾನು ಅವಳಿಗೆ ನಿಮ್ಮ ಹಾಲಿನ ಸಂಗತಿ ಹೇಳಿದೆ. ಅವಳು ಗೋಡೆಯನ್ನೇ ನೋಡುತ್ತಾ, “ಒಳಗೆ ಬೆಂಕಿ ಇದ್ರೆ ಇದು ಅಲ್ಲಾಡಲ್ಲ, ಅಲ್ವೇನೋ?” ಎಂದಳು. ನಿಜ. ಬೆಂಕಿ ಬಿದ್ದಾಗ ಒಳಗಿನವರು ಜಜ್ಜಿಹೋಗದಿರಲೆಂದು ಅದನ್ನು ಹಾಗೆಯೇ ಮಾಡಿದ್ದಾರೆ.

ಆದ್ದರಿಂದ ನಾಳೆ ಅವಳು ಒಲೆ ಹಚ್ಚುತ್ತಾಳೆ. ಹಳೆಯ ಡಬ್ಬಿಯೊಂದನ್ನು ಕೊರೆದು ನಾನೇ ಮಾಡಿಕೊಟ್ಟಿದ್ದೇನೆ. ಹಸುವಿನ ಹಾಲು ನಮಗೆ ಸಿಗುವುದಿಲ್ಲ, ಸೋಯಾ ಹಾಲು. ಅದೂ ಉಕ್ಕುತ್ತದೆ, ಪರೀಕ್ಷಿಸಿದ್ದೇವೆ. ಈ ಅಂತಸ್ತಿನ ಪ್ರತಿ ಮನೆಯವರೂ ಒಂದೊಂದು ಪಾತ್ರೆ ಹಾಲು ತಂದುಕೊಡಲು ಒಪ್ಪಿದ್ದಾರೆ. ಒಂದು ಪಾತ್ರೆ ಇಳಿದ ಕೂಡಲೇ ಇನ್ನೊಂದು ಒಲೆಯ ಮೇಲೇರುತ್ತದೆ. ಬಾಡಿಗೆಗೆ ಇದ್ದೇವೆ ಎಂದು ಮಂಡಳಿ ಬರೆದುಕೊಡುವವರೆಗೆ ಬೆಂಕಿ ಆರಿಸುವುದಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಯಾರಾದರೂ ನಗುತ್ತಾ ಬಂದು, ನೀವು ಬಾಡಿಗೆದಾರರಲ್ಲ, ನಮ್ಮ ಅತಿಥಿ, ನಮ್ಮ ಕುಟುಂಬ ಎಂದರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿ. ಉತ್ತರ ಬರುವವರೆಗೆ ಬಾಗಿಲಲ್ಲೇ ನಿಲ್ಲಿಸಿ.

ಬರೆಯುತ್ತಾ ಬೆಳಗಾಯಿತು; ಹೊನ್ನಮ್ಮ ಪಾತ್ರೆ ತೊಳೆಯುತ್ತಿರುವ ಸದ್ದು ಕೇಳುತ್ತಿದೆ. ಬೆಂಕಿಪೊಟ್ಟಣ ನನ್ನ ಹತ್ತಿರ ಇದೆ. ಹೊರಡುತ್ತೇನೆ.

ಇಂತಿ,
ಓಬಳೇಶ
ಹೊನ್ನಮ್ಮನ ಪಕ್ಕದ ಮನೆಯ ಬಾಡಿಗೆದಾರ