ಗಣಿತದ ಪೇಪರಿನ ಹಿಂದಿನ ರಾತ್ರಿ

ನಿಪ್ಪಾಣಿ
೧೪ ಮೇ ೨೦೨೫

ಚಿರಂಜೀವಿ ತಮ್ಮ ಮುರಗೆಪ್ಪನಿಗೆ,

ನಿನ್ನ ಅಕ್ಕ ಅಕ್ಕುತಾಯಿ ಮಾಡುವ ಆಶೀರ್ವಾದ. ನಾವಿಲ್ಲಿ ಕ್ಷೇಮ. ನೀನು, ದೀಪಾಲಿ, ಅವ್ವ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮಗಳು ಕೋಮಲ ನನ್ನ ಮನೆಗೆ ಬಂದು ಇಂದಿಗೆ ಹತ್ತು ದಿನವಾಯಿತು. ಬಂದ ದಿನವೇ ನಿನಗೆ ಬರೆಯಬೇಕಿತ್ತು. ಸಿಟ್ಟಿನ ಕೈಯಲ್ಲಿ ಬುದ್ಧಿ ಕೊಡಬಾರದು ಎಂದು ತಡೆದುಕೊಂಡೆ. ಇಳಿದ ಮೇಲೆ ಬರೆಯೋಣ ಎಂದರೆ ಅದು ಇಳಿಯುವ ಲಕ್ಷಣವೇ ಕಾಣುತ್ತಿಲ್ಲ. ಹಾಗಾಗಿ ಸಿಟ್ಟನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ. ಉಳಿದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಅಕ್ಕಾ, ದ್ರಾಕ್ಷಿ ತ್ವಾಟದಾಗ ಅದೇನಿ, ಆಮ್ಯಾಲೆ ಮಾತಾಡ್ತೇನಿ" ಎಂದು ಇಟ್ಟುಬಿಟ್ಟೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಕೂತು ಪೂರ್ತಿ ಓದು.

ಹುಡುಗಿ ಹೇಳದೆ ಕೇಳದೆ ಮನೆ ಬಿಟ್ಟು ಹೋದಳು ಎಂದು ನಮ್ಮೂರು ಅನಂತಪುರದ ತುಂಬ ಹೇಳುತ್ತಿದ್ದೀಯಂತೆ. ಅವಳು ತಾಯಿ ದೀಪಾಲಿಗೆ ಹೇಳಿಯೇ ಬಂದಿದ್ದಾಳೆ. ಫಲಿತಾಂಶ ಬಂದ ಮೂರನೆಯ ದಿನ ಅಥಣಿ, ಚಿಕ್ಕೋಡಿ ಎಂದು ಮೂರು ಬಸ್ಸು ಬದಲಿಸಿ ಬಂದಳು. ಬಂದವಳು ಒಂದು ಲೋಟ ನೀರು ಕುಡಿದು ಮಲಗಿದ್ದು, ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ನನಗೆ ಭಯವಾಗಿ ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಪಕ್ಕದ ಮನೆಯ ಮನಿಷಾ ಬಾಗಿಲಲ್ಲಿ ಇಣುಕಿ, "ಝೋಪೂ ದ್ಯಾ ತಿಲಾ, ಬಾಯಿ" ಎಂದಳು. ಹುಡುಗಿಯನ್ನು ಮಲಗಲು ಬಿಡಬೇಕು ಎಂಬುದು ಪಕ್ಕದ ಮನೆಯ ಹೆಂಗಸಿಗೆ ತಿಳಿಯಿತು, ಹಡೆದಪ್ಪನಿಗೆ ತಿಳಿಯಲಿಲ್ಲ.

ಅವಳ ಅಂಕಪಟ್ಟಿ ನನ್ನ ಮುಂದೆಯೇ ಇದೆ. ಕನ್ನಡದಲ್ಲಿ ನೂರಾ ಹದಿನೆಂಟು. ವಿಜ್ಞಾನದಲ್ಲಿ ಎಂಬತ್ತೊಂಬತ್ತು. ಗಣಿತದಲ್ಲಿ ಇಪ್ಪತ್ತೊಂಬತ್ತು. ಅದರಲ್ಲೂ ಶಾಲೆಯವರು ಕೊಟ್ಟ ಇಪ್ಪತ್ತು ತೆಗೆದರೆ, ಆ ಮೂರು ತಾಸಿನಲ್ಲಿ ಅವಳು ಬರೆದು ಗಳಿಸಿದ್ದು ಒಂಬತ್ತು. ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇದೇ ಹುಡುಗಿ ಗಣಿತದಲ್ಲಿ ಎಂಬತ್ತರ ಮೇಲೆ ತೆಗೆದಿದ್ದಳು. ಒಂದು ತಿಂಗಳಲ್ಲಿ ಲೆಕ್ಕ ಎಲ್ಲಿ ಹೋದವು ಎಂದು ನಾನೂ ತಲೆ ಕೆಡಿಸಿಕೊಂಡಿದ್ದೆ. ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ನಾಲ್ಕನೆಯ ದಿನ ನಾನು ಜೋಳ ಹಸನು ಮಾಡುತ್ತ ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತು ತಾನಾಗಿಯೇ ಹೇಳಿದಳು.

"ಹತ್ತ ಗಂಟೇಕ್ಕ ಮಲಗಾಕ ಹೊಂಟಿದ್ನಿ, ಅತ್ತಿ. ಪಪ್ಪಾ ಅಂದ್ರು, ಇವತ್ತ ಹನ್ನೊಂದಕ್ಕ ತ್ರೀಫೇಸ್ ಕರೆಂಟ್ ಬರತೈತಿ, ಕಬ್ಬಿಗೆ ನೀರ ಹಾಯಸಾಕ ಹೊಂಟೇನಿ, ನೀನೂ ಪುಸ್ತಕ ತಗೊಂಡ ನಡಿ, ಮೋಟರ್ ಶೆಡ್ಡಿನ್ಯಾಗ ಕುಂತ ಲೆಕ್ಕ ಮಾಡು ಅಂತ. ಮಮ್ಮಿ, ಮಲಗಲಿ ಬಿಡ್ರಿ, ನಾಳೆ ಪರೀಕ್ಷಾ ಐತಿ ಅಂದ್ಲು. ಪರೀಕ್ಷಾ ಐತಿ ಅಂತನ ಕರಕೊಂಡ ಹೊಂಟೇನಿ ಅಂತ ಒದರಿದ್ರು."

ನಾಳೆ ಬೆಳಿಗ್ಗೆ ಹತ್ತನೆಯ ತರಗತಿಯ ಗಣಿತದ ಪರೀಕ್ಷೆ ಬರೆಯುವ ಹುಡುಗಿಯನ್ನು ರಾತ್ರಿ ಕಬ್ಬಿನ ಗದ್ದೆಗೆ ಕರೆದುಕೊಂಡು ಹೋಗುವವನು ನೀನೊಬ್ಬನೇ ಇರಬೇಕು. ಮೋಟರಿನ ಗದ್ದಲ, ಸೊಳ್ಳೆ, ಒಂದು ಬಲ್ಬು. ನೀನು ಒಂದು ಸಾಲಿಗೆ ನೀರು ತಿರುಗಿಸಿ ಬಂದು ನೋಡುವುದು, ತಲೆ ಬಾಗಿದ್ದರೆ ಬೆನ್ನಿಗೆ ಬಡಿಯುವುದು. ಎರಡು ಗಂಟೆಗೆ ಅವಳು ಅಳತೊಡಗಿದಾಗ ಏನಂದೆ ನೆನಪಿದೆಯೇ? "ನಾ ಮೂರ ರಾತ್ರಿ ನಿದ್ದಿಗೆಟ್ಟು ಮುಂಜಾನೆದ್ದ ಎಮ್ಮಿ ಹಿಂಡತೇನಿ. ನಿನಗ ಒಂದ ರಾತ್ರಿ ಆಗೂದಿಲ್ಲ?" ಎಮ್ಮೆ ಹಿಂಡುವುದಕ್ಕೂ ಲೆಕ್ಕ ಬಿಡಿಸುವುದಕ್ಕೂ ವ್ಯತ್ಯಾಸ ತಿಳಿಯದಷ್ಟು ಹೆಡ್ಡನೇ ನೀನು?

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಅವ್ವನ ಮಿಶ್ರಿ ಡಬ್ಬಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆಯಂತೆ. ಎಂಬತ್ತರ ಅವ್ವ ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿಯನ್ನು, ಮುರಗ್ಯಾ, ಹದಿನಾರರ ಮಗಳ ವಸಡಿಗೆ ನಿನ್ನ ಬೆರಳಿನಿಂದ ಹಚ್ಚಿದೆ, ನಿದ್ದೆ ಹಾರಲಿ ಅಂತ.

ನಿದ್ದೆ ಹಾರಿತು. ಬೆಳಿಗ್ಗೆ ಅಥಣಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ತಲೆ ತಿರುಗಿ ಅದರ ಮೇಲೆಯೇ ವಾಂತಿ ಮಾಡಿಕೊಂಡಳು. ಅಲ್ಲಿದ್ದ ಮೇಡಂ ಪುಣ್ಯವಂತೆ, ಮುಖ ತೊಳೆಸಿ, ನೀರು ಕುಡಿಸಿ, ಬೇರೆ ಹಾಳೆ ಕೊಟ್ಟಳು. ಕೋಮಲ ಆ ಹಾಳೆಯ ಮೇಲೆ ತಲೆ ಇಟ್ಟಳು. ಮತ್ತೆ ಎಚ್ಚರವಾದಾಗ ಅರ್ಧ ಗಂಟೆ ಉಳಿದಿತ್ತು. "ಎಲ್ಲಾ ಲೆಕ್ಕ ಬರತಿದ್ವು ಅತ್ತಿ. ಅಂಕಿ ಒಂದರ ಮ್ಯಾಲ ಒಂದ ಕುಂತಂಗ ಕಾಣತಿದ್ವು" ಎಂದಳು. ಅಳಲಿಲ್ಲ. ಅಳು ಬಂದದ್ದು ನನಗೆ.

ನೀನು ಇದನ್ನು ಊರಿನಲ್ಲಿ ಹೇಗೆ ಹೇಳಿದೆ? "ಹುಡುಗಿಗೆ ಗಟ್ಟಿತನಾ ಇಲ್ಲ, ಪರೀಕ್ಷಾದಾಗ ಮಲಕೊಂಡ್ಲು." ಮಲಗಿದ್ದನ್ನು ಹೇಳಿದೆ, ಮಿಶ್ರಿಯ ಮಾತನ್ನು ನುಂಗಿದೆ. ನಾಚಿಕೆಯಾಗಬೇಕು ನಿನಗೆ.

ಮೂವತ್ತು ವರ್ಷದಿಂದ ಪಾಠ ಹೇಳುತ್ತ ಮಕ್ಕಳ ನಡುವೆ ಇದ್ದೇನೆ. ರಾತ್ರಿಯಿಡೀ ಓದಿ ಬಂದ ಮಗುವನ್ನು ಶಾಲೆಯ ಗೇಟಿನಲ್ಲೇ ಗುರುತಿಸುತ್ತೇನೆ. ಕೇಳಿದ್ದನ್ನು ಎರಡು ಸಲ ಕೇಳಬೇಕು, ಪೆನ್ನು ಕೈಯಲ್ಲೇ ಇಟ್ಟುಕೊಂಡು ಪೆನ್ನು ಹುಡುಕುತ್ತದೆ. ನಿನಗೆ ಶಾಲೆಯ ಮಾತು ಬೇಡವಾದರೆ ನಿನ್ನ ತೋಟದ ಮಾತೇ ಹೇಳುತ್ತೇನೆ. ದ್ರಾಕ್ಷಿ ಕೊಯ್ಲು ಹತ್ತಿರ ಬಂದಾಗ ನೀರು ಕಡಿಮೆ ಮಾಡುತ್ತೀ. ಕೊಯ್ಲಿನ ಹಿಂದಿನ ರಾತ್ರಿ ಯಾರಾದರೂ ನೀರು ಬಿಟ್ಟರೆ ಹಣ್ಣು ಒಡೆಯಿತು ಎಂದು ಹೊಡೆಯಲು ಹೋಗುತ್ತೀ. ವರ್ಷವಿಡೀ ಹಾಕಿದ್ದೇ ಹಣ್ಣಾಗುವುದು, ಕೊನೆಯ ರಾತ್ರಿ ಸುರಿದದ್ದಲ್ಲ ಎಂದು ಗೊತ್ತಿರುವ ನಿನ್ನ ಬುದ್ಧಿ ಮಗಳ ವಿಷಯ ಬಂದಾಗ ಯಾವ ಹುಲ್ಲು ಮೇಯಲು ಹೋಗಿತ್ತು?

ಇನ್ನೊಂದು ಮಾತು. ಮಿಶ್ರಿ ಹಚ್ಚುವಾಗ ನನ್ನ ಹೆಸರು ಎತ್ತಿದೆಯಂತೆ. "ನಿಮ್ಮತ್ತಿ ನನ್ನ ಹಿಂಗ ಎಬ್ಬಿಸಿ ಕುಂದರಿಸಿ ಏಳನೇತ್ತ ಪಾಸ್ ಮಾಡಿಸಿದ್ಲು. ಅಕಿ ಇರಲಿಕ್ಕಂದ್ರ ನಾ ದನಾ ಕಾಯತಿದ್ನಿ." ಹೌದು, ಅವ್ವನ ಮಿಶ್ರಿಯನ್ನೇ ನಿನಗೂ ಹಚ್ಚಿದ್ದೆ. ನನಗೂ ಆಗ ಹದಿನಾರು, ಬುದ್ಧಿ ಇರಲಿಲ್ಲ. ನೀನು ಹೇಗೋ ಪಾಸಾದೆ. ಆಮೇಲೆ ಏನಾಯಿತು ಎಂಬುದನ್ನು ಮಗಳಿಗೆ ಹೇಳಿದೆಯಾ? ಎಂಟನೆಯದಕ್ಕೆ ಕಾಲಿಡಲಿಲ್ಲ. ಪುಸ್ತಕ ನೋಡಿದರೆ ಬಾಯಲ್ಲಿ ತಂಬಾಕಿನ ಕಹಿ ಬರುತ್ತದೆ ಎಂದು ಅವ್ವನ ಮುಂದೆ ಅತ್ತವನು ನೀನೇ. ಅದನ್ನು ಮರೆತು, ಪಾಸಾದದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದೀ. ಇನ್ನು ಮುಂದೆ ಆ ಕೆಲಸಕ್ಕೆ ನನ್ನ ಹೆಸರು ಬಳಸಬೇಡ.

ಈಗ ಆಗಬೇಕಾದದ್ದನ್ನು ಕೇಳು. ಈ ತಿಂಗಳ ಕೊನೆಗೆ ಎರಡನೆಯ ಪರೀಕ್ಷೆ ಇದೆ. ಅರ್ಜಿ ತುಂಬಿಸಿದ್ದೇನೆ. ಬರೆಯಬೇಕಾದದ್ದು ಅಥಣಿಯಲ್ಲೇ. ಕೋಮಲ ಹೇಳಿಬಿಟ್ಟಿದ್ದಾಳೆ: "ಪರೀಕ್ಷಾ ಬರೀತೇನಿ ಅತ್ತಿ. ಆದ್ರ ಹಿಂದಿನ ದಿನಾ ಆ ಮನ್ಯಾಗ ಮಲಗೂದಿಲ್ಲ. ಮಲಗು ಅಂದ್ರ ಪರೀಕ್ಷಾನೂ ಬ್ಯಾಡ." ಅಥಣಿಯಲ್ಲಿ ನನ್ನ ಗೆಳತಿಯರಿದ್ದಾರೆ, ಒಂದು ರಾತ್ರಿ ಇರಿಸಿಕೊಳ್ಳಲು ಯಾರೂ ಇಲ್ಲವೆನ್ನುವುದಿಲ್ಲ. ಆದರೆ ಅಪ್ಪನ ಮನೆಯಲ್ಲಿ ಕಣ್ಣು ಮುಚ್ಚಲು ಹೆದರುವ ಮಗಳಾಗಿ ಅವಳು ಬೆಳೆಯುವುದು ನನಗೆ ಬೇಡ. ನಿನಗೂ ಬೇಡ ಎಂದು ಗೊತ್ತು.

ಹಿಂದಿನ ಸಂಜೆ ನಾನೇ ಅವಳನ್ನು ಕರೆದುಕೊಂಡು ಬರುತ್ತೇನೆ. ಎಂಟಕ್ಕೆ ಊಟ, ಒಂಬತ್ತಕ್ಕೆ ನಿದ್ದೆ. ತ್ರೀಫೇಸ್ ಎಷ್ಟು ಗಂಟೆಗಾದರೂ ಬರಲಿ, ಗದ್ದೆಗೆ ನೀನೊಬ್ಬನೇ ಹೋಗು. ಅವಳ ಬಾಗಿಲಿಗೆ ಅಡ್ಡವಾಗಿ ನಾನು ಮಲಗುತ್ತೇನೆ. ಎಬ್ಬಿಸಲೇಬೇಕು ಎನಿಸಿದರೆ ಅಕ್ಕನನ್ನು ದಾಟಿಕೊಂಡು ಹೋಗು. ಒಪ್ಪಿಗೆ ಇದ್ದರೆ ನನಗೆ ಹೇಳಬೇಡ, ಅವಳಿಗೆ ಫೋನ್ ಮಾಡು. ಉದ್ದ ಮಾತು ಬೇಡ. ಮಲಗವ್ವಾ ಅನ್ನು, ಸಾಕು.

ದೀಪಾಲಿಗೆ ನನ್ನ ಆಶೀರ್ವಾದ. ಅವಳೊಬ್ಬಳೇ ಆ ರಾತ್ರಿ ನೆಟ್ಟಗೆ ಮಾತಾಡಿದ್ದು. ಅವ್ವನ ಕಾಲಿಗೆ ನಮಸ್ಕಾರ ತಿಳಿಸು, ಬಿಸಿಲು ಜಾಸ್ತಿ, ಹೊರಗೆ ಹೋಗದಿರಲಿ. ಈ ಸಲ ಗಿಡ ಚೆನ್ನಾಗಿ ಚಿಗುರಿವೆ ಎಂದು ಕೋಮಲ ಹೇಳಿದಳು. ನಿನ್ನ ತೋಟ ತುಂಬಿರಲಿ, ನಿನ್ನ ಆರೋಗ್ಯ ಗಟ್ಟಿಯಾಗಿರಲಿ. ಬೈದವಳು ಅಕ್ಕ, ಹರಸುವವಳೂ ಅಕ್ಕನೇ.

ಇಂತಿ,
ನಿನ್ನ ಅಕ್ಕ
ಅಕ್ಕುತಾಯಿ

ತಾ.ಕ.: ಲಕೋಟೆಯೊಳಗೆ ಹಾಕಿದ ಕಾಗದವನ್ನು ಮತ್ತೆ ಹೊರಗೆ ತೆಗೆದೆ. ಅಕ್ಕ ನನಗಾಗಿ ನಿದ್ದೆಗೆಟ್ಟಳು ಎಂದು ನಲವತ್ತು ವರ್ಷದಿಂದ ಎಲ್ಲರ ಮುಂದೆ ಹೇಳುತ್ತ ಬಂದಿದ್ದೀ. ನಾನು ಸುಮ್ಮನೆ ಕೇಳುತ್ತ ಬಂದಿದ್ದೇನೆ. ಆ ವರ್ಷ ನಾನು ಹತ್ತನೆಯದು ಬರೆದು ಕೂತಿದ್ದೆ. ಚಿಕ್ಕೋಡಿಗೆ ಕಾಲೇಜಿಗೆ ಕಳಿಸು ಎಂದು ಕೇಳಿದ್ದಕ್ಕೆ ಅಪ್ಪ, "ಗಂಡ ಹುಡುಗ ಏಳನೇತ್ತ ಫೇಲಾಗಿ ಮನ್ಯಾಗ ಕುಂತ್ರ, ಹೆಣ್ಣ ಹುಡುಗಿನ್ನ ಕಾಲೇಜಿಗೆ ಕಳಸೂ ಮಾತ ಇಲ್ಲ. ಮಂದಿ ನಗತಾರ" ಎಂದಿದ್ದ. ಇದು ನಿನಗೆ ಗೊತ್ತಿಲ್ಲ, ನಾನು ಯಾರಿಗೂ ಹೇಳಿಲ್ಲ. ನಿನ್ನನ್ನು ಎಬ್ಬಿಸಿ ಕೂರಿಸಿದ್ದು ನಿನಗಾಗಿ ಅಲ್ಲ, ತಮ್ಮಾ, ನನಗಾಗಿ. ನಾನು ಚಿಕ್ಕೋಡಿಗೆ ಹೋದೆ, ನೀನು ಶಾಲೆ ಬಿಟ್ಟೆ. ಆ ರಾತ್ರಿ ನೀನು ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಒಂದ ತಾಸ ಮಲಗತೇನಿ, ಆಮ್ಯಾಲೆ ನೀ ಎಷ್ಟ ಹೇಳತಿ ಅಷ್ಟ ಓದತೇನಿ" ಎಂದಿದ್ದೆ. ನಾನು ಕೈ ಬಿಡಿಸಿಕೊಂಡು ಇನ್ನೊಂದು ಸಲ ಹಚ್ಚಿದೆ.