ಮೊದಲು ಇದ್ದ ಹಾಗೆ ಓಡಲಿ

ಸೋಮವಾರ, ಮಾರ್ಚ್ 3

ಪ್ರೀತಿಯ ಅಕ್ಕನಿಗೆ ನಿನ್ನ ಪುಟ್ಟಿಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ ಅಂತ ಬರೆಯುವುದು ರೂಢಿ. ಬರೆದಿದ್ದೇನೆ ಅಂತಲೇ ಇಟ್ಟುಕೋ. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಕೊಡದೆ ಇಷ್ಟು ದಿನ ಸುಮ್ಮನೆ ಕೂತಿದ್ದಕ್ಕೆ ಬೈಯಬೇಡ. ಕೂರುವುದೊಂದನ್ನು ನಾನು ಈಗ ಬಹಳ ಚೆನ್ನಾಗಿ ಕಲಿತಿದ್ದೇನೆ.

ಫೋನು ಮಾಡಬಾರದಾ ಅಂತ ಕೇಳಿದ್ದೀಯ. ಮಾಡಿದರೆ ಇವರು ಪಕ್ಕದಲ್ಲೇ ಇರುತ್ತಾರೆ, ದಿಂಬು ಸರಿಮಾಡುತ್ತಲೋ ಮಾತ್ರೆ ಬಿಡಿಸುತ್ತಲೋ. ಇವರ ಮೇಲಿನ ದೂರನ್ನು ಇವರೆದುರಿಗೇ ಹೇಗೆ ಹೇಳಲಿ? ಮೇಲಾಗಿ ನನ್ನ ದನಿ ಕೇಳಿದ ಕೂಡಲೇ ನೀನು ಅಳುವುದಕ್ಕೆ ಶುರುಮಾಡುತ್ತೀಯ. ನನಗೆ ಅಳು ಬರುವುದಿಲ್ಲ ಅಕ್ಕ. ಬೆನ್ನುಹುರಿಗೆ ಉರಿಯೂತ ಬಂದು ಸೊಂಟದಿಂದ ಕೆಳಗೆ ಏನೂ ತಿಳಿಯದ ಹಾಗಾಯಿತಲ್ಲ, ಅದು ಸೊಂಟದಲ್ಲೇ ನಿಂತಿಲ್ಲವೇನೋ ಅಂತ ಒಂದೊಂದು ಸಲ ಅನುಮಾನ. ಸಂತೋಷವಿಲ್ಲ, ದುಃಖವೂ ಇಲ್ಲ. ಬೆಳಗಾಗುತ್ತದೆ, ಸಂಜೆಯಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ಇವರು ನನ್ನ ಕೆಂಪು ಗಾಡಿಯ ಮೇಲೆ ಹೊದಿಸಿದ್ದ ಟಾರ್ಪಾಲು ತೆಗೆಸಿದ್ದಾರೆ.

ನಿನಗೆ ನೆನಪಿರಬೇಕು, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದ ದಿನಗಳಲ್ಲಿ ನಾನು ಹಟ ಹಿಡಿದು ತಂದ ಎರಡು ಬಾಗಿಲಿನ ಟರ್ಬೊ ಗಾಡಿ. ನಿನ್ನನ್ನು ಕೂರಿಸಿಕೊಂಡು ಹೋದಾಗ ನೀನು ಡ್ಯಾಶ್‌ಬೋರ್ಡು ಹಿಡಿದುಕೊಂಡು, "ಇದೇನೇ ಪುಟ್ಟಿ, ಹಿಂದಿನಿಂದ ಯಾರೋ ಒದ್ದ ಹಾಗಾಯ್ತು!" ಅಂದಿದ್ದೆ. ಇಂಜಿನ್ನಿನ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ, ಅದು ಇಂಜಿನ್ನಿನೊಳಕ್ಕೆ ಇನ್ನಷ್ಟು ಗಾಳಿ ಒತ್ತುತ್ತದೆ, ಅದಕ್ಕೇ ಆ ಒದೆ ಅಂತ ನಾನು ಮೇಷ್ಟ್ರ ಥರ ವಿವರಿಸಿದೆ. ನೀನು, "ಪಾಠ ಆಮೇಲೆ, ಮೊದ್ಲು ನನ್ನ ಇಳಿಸು, ನಾನು ಬಸ್ಸಲ್ಲಿ ಬರ್ತೀನಿ" ಅಂದೆ. ಆಮೇಲೆ ಕ್ಲಚ್ಚು ಸವೆದು, ಬಿಡಿಭಾಗ ಸಿಗದೆ, ಅದು ಶೆಡ್ಡು ಸೇರಿತ್ತು. ಈಗ ಅದನ್ನು ಎಬ್ಬಿಸಿ ಓಡಿಸಿ, ಆಮೇಲೆ ಬ್ರೇಕು, ಆಕ್ಸಿಲರೇಟರು, ಕ್ಲಚ್ಚು ಎಲ್ಲವನ್ನೂ ಕೈಯಲ್ಲೇ ಒತ್ತುವ ಹಾಗೆ ಲಿವರ್ ಹಾಕಿಸಿ, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸುತ್ತಾರಂತೆ. ನನ್ನನ್ನು ಒಂದು ಮಾತೂ ಕೇಳಿಲ್ಲ.

ಇವರಿಗೂ ಗಾಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ನಿನಗೇ ಗೊತ್ತು. ನನ್ನ ಹತ್ತಿರ ಡ್ರೈವಿಂಗ್ ಕಲಿಯಲು ಬಂದು, ಕ್ಲಚ್ಚು ಬಿಡುವಾಗೆಲ್ಲ ಇಂಜಿನ್ ಆಫ್ ಮಾಡಿಸಿ, ಕೊನೆಗೆ ಲೈಸೆನ್ಸು ಸಿಗದೆ ಹೆಂಡತಿ ಸಿಕ್ಕಿದ ಮನುಷ್ಯ. ಕೋಟು ಹೊಲಿಯುವ ಟೈಲರ್‌ಗೆ ಪಿಸ್ಟನ್ನಿನ ಉಸಾಬರಿ ಯಾಕೆ? ಆದರೆ ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದು, ಬಿಚ್ಚಿಟ್ಟ ನಟ್ಟು ಬೋಲ್ಟುಗಳನ್ನೆಲ್ಲ ಗುಂಡಿಗಳ ಹಾಗೆ ಡಬ್ಬಿ ಡಬ್ಬಿಯಲ್ಲಿ ಜೋಡಿಸಿಡುತ್ತಾರೆ. ತೆರೆದ ಪೈಪುಗಳಿಗೆ ಧೂಳು ಬೀಳಬಾರದೆಂದು ಒಂದೊಂದಕ್ಕೂ ಅಳತೆ ತೆಗೆದು, ಎಲಾಸ್ಟಿಕ್ ಹಾಕಿ, ಬಟ್ಟೆಯ ಟೋಪಿ ಹೊಲಿದಿದ್ದಾರೆ. ಅದಕ್ಕೆ ಲೈನಿಂಗ್ ಬೇರೆ!

ಕೆಲಸ ಮಾಡುವವರು ನಮ್ಮ ಸ್ಕೂಲಿನ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್. ಏನು ಕೇಳಿದರೂ "ತಡೀರಿ, ತಡೀರಿ" ಅನ್ನುವುದರಿಂದ ನಾವೆಲ್ಲ ತಡೆಯಪ್ಪ ಅನ್ನುತ್ತಿದ್ದೆವಲ್ಲ, ಅವರೇ. ಇವರು ಮೊದಲ ದಿನವೇ ಲಿವರ್‌ಗಳನ್ನು ತರಿಸಿ ಅವರ ಮುಂದಿಟ್ಟರು. ತಡೆಯಪ್ಪ ಅದನ್ನು ಮುಟ್ಟಲೂ ಇಲ್ಲ.

"ತಡೀರಿ ಸಾರ್. ಮೊದ್ಲು ಗಾಡಿ ಇದ್ದದ್ದು ಇದ್ದ ಹಾಗೆ ಓಡ್ಲಿ. ಓಡದೇ ಇರೋದಕ್ಕೆ ಹೊಸದು ಹಾಕಿದ್ರೆ, ನಾಳೆ ನಿಂತಾಗ ತಪ್ಪು ಹಳೇದ್ರದ್ದೋ ಹೊಸದ್ರದ್ದೋ ಹೇಗೆ ಗೊತ್ತಾಗ್ಬೇಕು?"

ಸರಿಯಾದ ಮಾತು. ನನ್ನ ವಿಷಯದಲ್ಲಿ ಮಾತ್ರ ಯಾರೂ ತಡೀರಿ ಅನ್ನಲಿಲ್ಲ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮೆಟ್ಟಿಲಿದ್ದ ಕಡೆ ಇಳಿಜಾರು, ಬಚ್ಚಲಲ್ಲಿ ಹಿಡಿಕೆ, ಗುಂಡಿ ಒತ್ತಿದರೆ ಏಳುವ ಮಂಚ. ಎಲ್ಲ ಇವರದೇ ಓಡಾಟ. ನಾನು ಎದ್ದಿದ್ದೇನೋ ಇಲ್ಲವೋ ನೋಡುವ ಮೊದಲೇ ನನಗೆ ಎಲ್ಲ ಹೊಸದು ಹಾಕಿಯಾಗಿತ್ತು.

ಅಕ್ಕ, ನಿನ್ನ ಹತ್ತಿರ ಮುಚ್ಚುಮರೆ ಯಾಕೆ. ಇವರು ನನ್ನನ್ನು ಎತ್ತುತ್ತಾರೆ, ಒರೆಸುತ್ತಾರೆ, ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುತ್ತಾರೆ. ಒಂದು ದಿನವೂ ಮುಖ ಸಿಂಡರಿಸಿಲ್ಲ. ಆದರೆ ಕತ್ತರಿಸುವ ಮೇಜಿನ ಮೇಲೆ ಬಟ್ಟೆ ತಿರುಗಿಸುವಾಗಲೂ ಇದೇ ಮುಖ. ಕೆಲಸವಿಲ್ಲದೆ, ಸುಮ್ಮನೆ, ಹೆಂಡತಿ ಅಂತ ನನ್ನನ್ನು ಮುಟ್ಟಿದ್ದು ನನಗೆ ನೆನಪಿಲ್ಲ. ನಾನು ಇವರಿಗೆ ಹೆಂಡತಿಯೋ, ರಿಪೇರಿಗೆ ಬಂದ ಇನ್ನೊಂದು ಗಾಡಿಯೋ? ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತಿಲ್ಲ, ಅದೇ ಆಶ್ಚರ್ಯ.

ಅದಕ್ಕೇ ನಿನ್ನಿಂದ ಒಂದು ಉಪಕಾರ ಆಗಬೇಕು. ನನಗೆ ಗಾಡಿ ಓಡಿಸಬೇಕಿಲ್ಲ. ಅದನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ ನೀನೇ ಇವರಿಗೆ ಒಂದು ಸಾಲು ಬರೆ. ನಿನ್ನ ಮಾತನ್ನು ಇವರು ತೆಗೆದುಹಾಕುವುದಿಲ್ಲ. ನಾನು ಹೇಳಿದರೆ, "ನಿನಗೆ ಬೇಜಾರಾಗಿದೆ, ಮಲಕ್ಕೋ" ಅನ್ನುತ್ತಾರೆ. ಗಾಡಿ ಓಡಿದ ಮರುವಾರವೇ ಲಿವರ್ ಕೂರಿಸುವವರು ಬರುತ್ತಾರಂತೆ. ಅಷ್ಟರೊಳಗೆ

ಶನಿವಾರ

ಅವತ್ತು ಇವರು ಬಂದರು ಅಂತ ಪತ್ರವನ್ನು ದಿಂಬಿನ ಕೆಳಗೆ ತಳ್ಳಿದ್ದೆ. ಈಗ ಮುಂದುವರಿಸುತ್ತೇನೆ. ಗಾಡಿ ಶುರುವಾಯಿತು ಅಕ್ಕ.

ಸುಲಭಕ್ಕೆ ಆಗಲಿಲ್ಲ. ಹಳೆಯ ಪೆಟ್ರೋಲು ಮರದ ಪಾಲಿಷಿನ ಹಾಗೆ ನಾರುತ್ತಿತ್ತು, ಅದನ್ನೆಲ್ಲ ಚೆಲ್ಲಿ ಟ್ಯಾಂಕು ತೊಳೆದರು. ಗಾಳಿಯ ಸಣ್ಣ ರಬ್ಬರು ಕೊಳವೆಗಳು ಕೈ ಹಾಕಿದರೆ ಪುಡಿಪುಡಿ. ಅವನ್ನೆಲ್ಲ ಬದಲಾಯಿಸಿ, ಎಲ್ಲಿಂದಲೋ ಹುಡುಕಿ ತಂದ ಕ್ಲಚ್ಚು ಹಾಕಿದ ಮೇಲೂ ತಡೆಯಪ್ಪ ಕೀಲಿ ಕೊಡಲಿಲ್ಲ. ಮೊದಲು ಪ್ಲಗ್ಗು ಬಿಚ್ಚಿ, ಕಿಡಿ ಹತ್ತದ ಹಾಗೆ ಮಾಡಿ, ಬರೀ ಸ್ಟಾರ್ಟರಿನಲ್ಲಿ ಇಂಜಿನ್ ತಿರುಗಿಸಿದರು. ಎಣ್ಣೆ ಟರ್ಬೊದವರೆಗೂ ಏರಬೇಕು, ಒಣಗಿದ ಚಕ್ರ ಹಾಗೇ ತಿರುಗಿದರೆ ಸುಟ್ಟುಹೋಗುತ್ತದೆ. ನನ್ನ ಗಾಲಿಕುರ್ಚಿಯನ್ನು ಇವರು ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದ್ದರು. ಬೇಡ ಅಂದಿದ್ದೆ. ಬಿಸಿಲು ಬೀಳಲಿ ಅಂದರು.

ಆಮೇಲೆ ನಿಜವಾದ ಕೀಲಿ. ಇಂಜಿನ್ ಹೊತ್ತಿಕೊಂಡಿತು, ಎರಡು ಸಲ ಕೆಮ್ಮಿತು, ಸತ್ತಿತು. ಮತ್ತೆ ಕೊಟ್ಟರೆ ಮತ್ತೆ ಅದೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ. ಇವರ ಮುಖ ನೋಡಬೇಕಿತ್ತು. ಕಿಡಿ ನೋಡಿದರು, ಪೆಟ್ರೋಲು ನೋಡಿದರು, ಎಲ್ಲ ಸರಿಯಾಗಿದೆ. ತಡೆಯಪ್ಪ ನನ್ನ ಕಡೆ ತಿರುಗಿ, "ಮೇಡಂ, ನಿಮಗೇನನ್ಸುತ್ತೆ?" ಅಂದರು.

ನಾನು ಸುಮ್ಮನಿರಬಹುದಿತ್ತು. ಓಡದಿದ್ದರೆ ನನಗೇ ಒಳ್ಳೆಯದಲ್ಲವೇ? ಆದರೆ ಎಷ್ಟು ವರ್ಷದ ಚಾಳಿ, ಬಾಯಿ ತಾನಾಗಿ ಆಡಿತು. "ಉಸಿರು ಕಟ್ಟಿದ ಹಾಗಿದೆ. ಗಾಳಿಯ ದಾರಿ ನೋಡಿ."

ಪೈಪುಗಳನ್ನು ಮತ್ತೆ ಬಿಚ್ಚಿದರು. ಇಂಜಿನ್ನಿನ ಬಾಯಿಗೆ ಹೋಗುವ ದಪ್ಪ ಪೈಪಿನೊಳಗಿನಿಂದ ತಡೆಯಪ್ಪ ಚಿಮಟದಲ್ಲಿ ಏನನ್ನೋ ಎಳೆದರು. ಬೂದುಬಣ್ಣದ ರೇಷ್ಮೆಯಂಥ ತುಂಡು. ಇವರ ಟೋಪಿಯ ಲೈನಿಂಗು! ಟೋಪಿ ತೆಗೆಯುವಾಗ ಹೊಲಿಗೆ ಬಿಟ್ಟು ಒಳಗೇ ಉಳಿದಿದೆ. ಮೇಲಿನ ಬಟ್ಟೆ ಕೈಗೆ ಬಂದಿದ್ದರಿಂದ ಟೋಪಿ ಬಂತು ಅಂತಲೇ ಇಬ್ಬರೂ ಅಂದುಕೊಂಡಿದ್ದಾರೆ.

"ಎಲ್ಲರೂ ಜನಕ್ಕೆ ಟೋಪಿ ಹಾಕಿದ್ರೆ ನೀವು ಗಾಡಿಗೇ ಹಾಕ್ಬಿಟ್ರಲ್ಲ ಸಾರ್!" ಅಂತ ತಡೆಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇವರು ಆ ತುಂಡನ್ನು ಬೆಳಕಿಗೆ ಹಿಡಿದು, "ನನ್ನ ಹೊಲಿಗೆ ಬಿಡೋದಿಲ್ಲ, ದಾರ ಕಳಪೆ" ಅಂದರು. ನನಗೂ ನಗು ಬರಬೇಕಿತ್ತು. ನಗು ಬಂದವರ ಹಾಗೆ ಮುಖ ಮಾಡಿದೆ.

ಮುಂದಿನ ಕೀಲಿಗೆ ಗಾಡಿ ಎದ್ದಿತು. ಇವರು ನನ್ನನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿ, ಕಾಲ ಮೇಲೆ ಬಿಳಿಯ ಹೊದಿಕೆ ಹಾಕಿದರು. ತಡೆಯಪ್ಪ ಗೋದಾಮುಗಳ ಹಿಂದಿನ ನೇರ ರಸ್ತೆಗೆ ತೆಗೆದುಕೊಂಡು ಹೋದರು. ಮೊದಲು ನಿಧಾನವಾಗಿ, ಇಂಜಿನ್ ಬಿಸಿಯಾಗಲಿ ಅಂತ. ಆಮೇಲೆ, "ಮೇಡಂ, ಒಂದೇ ಒಂದು ಸಲ" ಅಂದು ಕಾಲು ಒತ್ತಿದರು. ಟರ್ಬೊದ ಮುಳ್ಳು ಏರಿತು, ಆ ಸಿಳ್ಳೆ ಕೇಳಿಸಿತು. ಒದೆಗೆ ಕಾದೆ. ಹೆಗಲು ಸೀಟಿಗೆ ಒತ್ತಿತು, ತಲೆ ಹಿಂದಕ್ಕೆ ಹೋಯಿತು. ಅದರ ಕೆಳಗೆ ಏನೂ ಇಲ್ಲ. ಮೊದಲೆಲ್ಲ ಗಾಡಿಯನ್ನು ನಾನು ತಿಳಿಯುತ್ತಿದ್ದದ್ದೇ ಪಾದದಿಂದ, ತೊಡೆಯಿಂದ. ಈಗ ಅರ್ಧ ನಾನು ಮಾತ್ರ ಗಾಡಿಯಲ್ಲಿದ್ದೆ, ಉಳಿದರ್ಧ ಮನೆಯ ಮಂಚದ ಮೇಲೇ ಇತ್ತು. ಗಾಡಿ ಇದ್ದ ಹಾಗೇ ಓಡಿತು ಅಕ್ಕ. ಇದ್ದ ಹಾಗೆ ಇಲ್ಲದವಳು ನಾನು.

ಮನೆಗೆ ಬಂದೆವು. ಟರ್ಬೊ ಗಾಡಿಯನ್ನು ಬಂದ ಕೂಡಲೇ ಆಫ್ ಮಾಡುವಂತಿಲ್ಲ. ಕಾದ ಚಕ್ರಕ್ಕೆ ಎಣ್ಣೆ ಹರಿಯುತ್ತಲೇ ಇದ್ದು ಅದು ತಣಿಯಬೇಕು, ಅಲ್ಲಿಯವರೆಗೆ ಇಂಜಿನ್ ನಿಂತಲ್ಲೇ ಮೆಲ್ಲಗೆ ಓಡುತ್ತಿರಬೇಕು. ತಡೆಯಪ್ಪ ಇಳಿದು, "ಸಾರ್, ನೀವು ಕೂತಿರಿ. ಈಗ್ಲೇ ಆಫ್ ಮಾಡ್ಬೇಡಿ, ತಡೀರಿ" ಅಂತ ಹೇಳಿ ಕೈ ತೊಳೆಯಲು ಹೋದರು. ಶೆಡ್ಡಿನಲ್ಲಿ ಮಸಿ ಹಿಡಿದ ಸಾಮಾನು ಎತ್ತಿಡುತ್ತಿದ್ದ ಇವರು ಹಾಗೇ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಕಲಿಯಲು ಬಂದ ದಿನಗಳಲ್ಲೂ ಹೀಗೇ ಕೂರುತ್ತಿದ್ದೆವು, ಅವರು ಅಲ್ಲಿ, ನಾನು ಇಲ್ಲಿ.

"ಹೇಗಿತ್ತು?" ಅಂದರು.

"ಇಂಜಿನ್ ಚೆನ್ನಾಗಿದೆ" ಅಂದೆ.

ನಾನು ಬಿಸಿ ತೋರಿಸುವ ಮುಳ್ಳನ್ನು ನೋಡುತ್ತಿದ್ದೆ, ಅದು ಇಳಿಯುವುದನ್ನೇ. ಮುಳ್ಳು ಬಹಳ ನಿಧಾನವಾಗಿ ಇಳಿಯಿತು. ಆಮೇಲೆ ಇದ್ದಕ್ಕಿದ್ದಂತೆ ಕೀಲಿ ತಿರುಗಿಸಿ, "ಕುರ್ಚಿ ತರ್ತೀನಿ" ಅಂತ ಇಳಿದುಹೋದರು. ದನಿ ಒಂದು ಥರ ಇತ್ತು. ಲಿವರ್ ಕೂರಿಸುವವರು ಬುಧವಾರ ಬರುತ್ತಾರೆ ಅಂತ ಊಟ ಮಾಡುವಾಗ ಹೇಳಿದರು. ನಾನು ಹೂಂ ಅಂದೆ.

ಇನ್ನೇನಿದೆ ಬರೆಯಲು. ನಿನ್ನ ಮಂಡಿನೋವಿಗೆ ಆ ಎಣ್ಣೆ ಈ ಎಣ್ಣೆ ಅಂತ ತಿಕ್ಕುತ್ತಾ ಕೂರಬೇಡ, ಡಾಕ್ಟರಿಗೆ ತೋರಿಸು. ನೋವಿದೆ ಅಂದರೆ ಕಾಲಿದೆ ಅಂತ ಅರ್ಥ, ಬೈದುಕೊಳ್ಳಬೇಡ. ಭಾವನಿಗೆ ನಮಸ್ಕಾರ. ದೊಡ್ಡವಳಿಗೂ ಚಿಕ್ಕವನಿಗೂ ಅವರ ಚಿಕ್ಕಮ್ಮನ ಆಶೀರ್ವಾದ. ಚೆನ್ನಾಗಿ ಓದಲಿ, ನಿನ್ನ ಹಾಗೆ ಬಸ್ಸಿನಲ್ಲೇ ಓಡಾಡಲಿ, ನೂರು ವರ್ಷ ಬಾಳಲಿ.

ಇತಿ ನಿನ್ನ ತಂಗಿ,
ಪುಟ್ಟಿ

ಮತ್ತೆ: ಮೇಲೆ ಕೇಳಿಕೊಂಡ ಹಾಗೆ ಇವರಿಗೆ ಏನೂ ಬರೆಯಬೇಡ. ಬುಧವಾರ ಬರುವವರು ಬರಲಿ. ನಿನಗೆ ಒಂದು ವಿಷಯ ಹೇಳದೆ ಬಿಟ್ಟಿದ್ದೇನೆ, ಮರೆತು ಬಿಟ್ಟದ್ದಲ್ಲ. ಇವರು ಗಾಡಿಯಿಂದ ಇಳಿಯಲು ಹೊರಟಾಗ ಒಂದು ಕೈ ಮೇಲೆದ್ದದ್ದು ಕಣ್ಣಿಗೆ ಬಿತ್ತು. ಅದು ಎದ್ದದ್ದು ನನ್ನ ಮಂಡಿಯ ಮೇಲಿಂದ. ಹೊದಿಕೆಯ ಮೇಲೆ ಐದೂ ಬೆರಳಿನ ಮಸಿ, ಗಟ್ಟಿಯಾಗಿ ಹಿಡಿದಿದ್ದ ಹಾಗೆ ಒಂದೊಂದೂ ಬೇರೆ ಬೇರೆ ಮೂಡಿತ್ತು. ಯಾವಾಗ ಇಟ್ಟರೋ, ನಾನು ಮುಳ್ಳು ನೋಡುತ್ತಿದ್ದೆ. ನನಗೆ ತಿಳಿಯುವುದಿಲ್ಲ ಅನ್ನುವುದನ್ನು ಮರೆತು ಇಟ್ಟರೋ, ತಿಳಿಯುವುದಿಲ್ಲ ಅಂತಲೇ ಧೈರ್ಯ ಮಾಡಿ ಇಟ್ಟರೋ, ಕೇಳಲು ನನಗೆ ಬಾಯಿ ಬರಲಿಲ್ಲ. ಇವರು ನನ್ನನ್ನು ಮುಟ್ಟುವುದಿಲ್ಲ ಅಂತ ನಿನಗೆ ದೂರು ಬರೆದಿದ್ದೆನಲ್ಲ. ಅಕ್ಕ, ಇಷ್ಟು ತಿಂಗಳಲ್ಲಿ ಆ ಕೈ ಇನ್ನೆಷ್ಟು ಸಲ ಬಂದು, ನನಗಾಗಿ ಕಾದು, ಎದ್ದುಹೋಗಿದೆಯೋ.