ಮಗ್ಗದ ಬಾಗಿಲಿನ ನರಿ ಮುಖ

ಅಪ್ಪ,

ಮಗ್ಗದ ಮನೆ ಬಾಗಿಲಿಗೆ ನೀನು ನೇತುಹಾಕಿದ್ದ ನನ್ನ ನರಿ ವೇಷದ ತಲೆ ಕಳುವಾಗಿಲ್ಲ. ನಾನೇ ಬಿಚ್ಕೊಂಡು ಹೋಗ್ತಿದೀನಿ. ಗಾಬರಿಯಾಗಿ ಬೀದಿಯವರನ್ನೆಲ್ಲ ಸೇರಿಸ್ಬೇಡ.

ಕೊನೇ ಸಲ ಹೇಳ್ತೀನಿ. ಅದು ಹರಕೆ ಅಲ್ಲ, ಹಗಲುವೇಷ ಅಲ್ಲ, ಮಾಲ್‌ನಲ್ಲಿ ಮಕ್ಕಳನ್ನ ನಗಿಸೋ ಕೆಲಸಾನೂ ಅಲ್ಲ. ನನಗಿಷ್ಟವಾದ ಪ್ರಾಣಿನ ನಾನೇ ಕಲ್ಪಿಸ್ಕೊಂಡು, ಅದರ ತಲೆ, ಮೈ, ಬಾಲ ಎಲ್ಲ ಮೂರು ತಿಂಗಳು ಕೂತು ಹೊಲಿದು, ಹಾಕ್ಕೊಂಡು ಓಡಾಡೋದು, ಅಷ್ಟೇ. ಇವತ್ತು ಬೆಂಗಳೂರಲ್ಲಿ ಇಂಥ ಹುಚ್ಚಿರೋರು ಇಪ್ಪತ್ತು ಜನ ಸೇರ್ತೀವಿ. ಅದರಲ್ಲಿ ಕರಡಿ ಆಗೋರು ಬ್ಯಾಂಕ್ ಮ್ಯಾನೇಜರ್. ಈಗ ಸಮಾಧಾನ ಆಯ್ತಾ?

ಬೆಳಗ್ಗೆ ನರಿ ಮುಖ ನೋಡಿದ್ರೆ ಒಳ್ಳೇದಾಗುತ್ತೆ ಅಂತ ನೇತುಹಾಕಿದೆ, ಸರಿ. ಕುಂಕುಮ ಯಾಕೆ ಹಚ್ಚಿದೆ? ಬಿಳಿ ತುಪ್ಪಳ ಅದು. ಎರಡು ಸಲ ಶಾಂಪೂ ಹಾಕಿ ಉಜ್ಜಿದ್ರೂ ಹೋಗ್ಲಿಲ್ಲ.

ಎದುರುಮನೆ ಬೈರಣ್ಣ ಮಾಮ ಡ್ಯೂಟಿಗೆ ಹೋಗೋ ಮುಂಚೆ ಕೈ ಮುಗಿಯೋಕೆ ಬರ್ತಾರೆ. ನರಿ ಊರಲ್ಲಿಲ್ಲ ಅಂತ ಹೇಳು.

ಚಿತ್ರಾನ್ನ ಮುಚ್ಚಿಟ್ಟಿದೀನಿ. ತಿಂದ್ಮೇಲೆ ಬಿಪಿ ಮಾತ್ರೆ ತಗೋ, ಮರೀಬೇಡ.

ತಲೆ ಕೆಳಗಿಳಿಸಿದಾಗ ನೋಡ್ದೆ, ಕಿತ್ತೋಗಿದ್ದ ಎಡಗಿವಿನ ಯಾರೋ ರೇಷ್ಮೆ ಎಳೇಲಿ ಹೊಲಿದಿದ್ದಾರೆ. ಗಂಟು ಎಲ್ಲಿದೆ ಅಂತ ಹುಡುಕಿದ್ರೂ ಸಿಗಲಿಲ್ಲ. ಅಷ್ಟು ಸಣ್ಣ ಗಂಟು ಹಾಕೋಕೆ ಈ ಮನೇಲಿ ಒಬ್ಬರಿಗೇ ಬರೋದು.

ಬಾಲದ ಹೊಲಿಗೇನೂ ಬಿಟ್ಟಿದೆ. ಅದನ್ನ ನಿನ್ನ ಕುರ್ಚಿ ಮೇಲೆ ಇಟ್ಟು ಹೋಗ್ತಿದೀನಿ.

ಹೊಲಿದಿಡು. ಬಾಗಿಲಿಗೆ ಮಾತ್ರ ಕಟ್ಬೇಡ.

ಅಕ್ಷತ